ಕಳಚಿದ ಜೋಡು

ಚಿತ್ರ ತೋರಿಸುವ ಮೊದಲೇ ನೀತಿ ಹೇಳಿಬಿಟ್ಟರೆ ಮಗು ಚಿತ್ರವನ್ನು ನೋಡುವುದೇ ಇಲ್ಲ. ಡಚ್ ಚಿತ್ರಕಾರ ರೆಂಬ್ರಾಂಟನ ‘ತಪ್ಪಿಹೋದ ಮಗನ ಮರಳುವಿಕೆ’ಯ ಮುಂದಂತೂ ತಂದೆತಾಯಿ, ಸಂಡೇ ಸ್ಕೂಲಿನ ಶಿಕ್ಷಕರು ಸ್ವಲ್ಪ ಹೊತ್ತು ಸುಮ್ಮನಿರುವುದೇ ಲೇಸು.

ಲೂಕನ ಸುವಾರ್ತೆಯ 15ನೇ ಅಧ್ಯಾಯದಲ್ಲಿ ಬರುವ ಕಥೆ ಅದು. ಆಸ್ತಿಯ ಪಾಲನ್ನೆಲ್ಲ ಹಾಳುಮಾಡಿಕೊಂಡ ಕಿರಿಯ ಮಗ ಹಸಿದು ಮನೆಗೆ ಬಂದಿದ್ದಾನೆ. ನಮಗೆ ಕಾಣುವುದು ಹೆಚ್ಚಾಗಿ ಅವನ ಬೆನ್ನು: ಬೋಳು ತಲೆ, ಚಿಂದಿ ಬಟ್ಟೆ, ಕಾಲಿನಿಂದ ಕಳಚಿದ ಜೋಡು, ಬರಿಯ ಅಂಗಾಲು. ಆ ಬೆನ್ನ ಮೇಲೆ ಮುದಿ ತಂದೆಯ ಎರಡೂ ಕೈ. ಬಲಗಡೆ ಕೆಂಪು ನಿಲುವಂಗಿಯಲ್ಲಿ ನೆಟ್ಟಗೆ ನಿಂತವನು ಅಣ್ಣನೆನ್ನುತ್ತಾರೆ. ಮನೆಯ ಹಿರಿಯ ಮಗು ಅವನ ಪರ ವಾದಿಸಿದರೆ ತಡೆಯಬೇಡಿ. ಯೇಸು ಹೇಳಿದ ಕಥೆಯೂ ಅವನ ಸಿಟ್ಟನ್ನು ಮುಚ್ಚಿಟ್ಟಿಲ್ಲ.

ಚಿತ್ರಕಾರನ ಬದುಕನ್ನೂ ಚೊಕ್ಕಟಮಾಡಿ ಹೇಳಬೇಕಿಲ್ಲ. 1635ರ ಸುಮಾರಿಗೆ, ಹೆಸರು-ಹಣ ಎರಡೂ ಕೈಯಲ್ಲಿದ್ದಾಗ, ಹೆಂಡದಂಗಡಿಯಲ್ಲಿ ಲೋಟ ಎತ್ತಿ ನಗುವ ಅದೇ ದುಂದುಗಾರ ಮಗನಾಗಿ ಅವನು ತನ್ನನ್ನೇ ಬರೆದುಕೊಂಡ. ತೊಡೆಯ ಮೇಲೆ ಹೆಂಡತಿ ಸಾಸ್ಕಿಯಾ. 1656ರಲ್ಲಿ ದಿವಾಳಿಯೆದ್ದ. 1668ರಲ್ಲಿ ಮಗ ಟೈಟಸ್ ತೀರಿಕೊಂಡ, ಮರುವರ್ಷ ತಾನೂ. ಎಂಟಡಿಗೂ ಎತ್ತರದ ಈ ಮರಳುವಿಕೆಯ ಚಿತ್ರ ಬದುಕಿನ ಆ ಕೊನೆಯ ವರ್ಷಗಳದ್ದು.

ಎರಡು ಚಿತ್ರಗಳನ್ನೂ ಅಕ್ಕಪಕ್ಕ ಇಡಿ. ಮೊದಲನೆಯದರಲ್ಲಿ ಚಿತ್ರಕಾರ ಯಾರೆಂದು ತೋರಿಸಿ. ಎರಡನೆಯದರಲ್ಲಿ ಅವನು ಎಲ್ಲಿದ್ದಾನೆಂದು ಮಗುವನ್ನೇ ಕೇಳಿ.