ಗೇರಿಲ್ಲದ ಗಾಡಿ ಎನ್ನಬೇಡಿ

"ಗೇರಿಲ್ಲದ ಗಾಡಿ ಹೆಂಗಸರ ಗಾಡಿ" ಎಂಬ ಮಾತು ನಮ್ಮ ಉಗಾರ ಬುದ್ರುಕದಲ್ಲಿ ಗಾದೆಯಂತೆ ಓಡಾಡುತ್ತದೆ. ಹೋದ ದೀಪಾವಳಿಗೆ ಬಂದ ನನ್ನ ಮೈದುನನೂ ಅದನ್ನೇ ಹೇಳಿದ. ನಿವೃತ್ತಿಗೆ ಮುನ್ನ ಒಂದು ಕಾರು ಕೊಳ್ಳಬೇಕೆಂದು ನಾನು ಬಾಯಿ ತೆರೆದದ್ದೇ ತಡ, "ವೈನಿ, ನೀವು ಆಟೊಮ್ಯಾಟಿಕ್ ತಗೋರಿ. ಅದರಾಗ ಗೇರೇ ಇರಂಗಿಲ್ಲ, ತಲಿಗೆ ಕೆಲಸಿಲ್ಲ" ಎಂದ.

ನಾನು ಬಿ.ಎ., ಬಿ.ಎಡ್. ಕನ್ನಡ ಕಲಿಸುವವಳು. ಯಂತ್ರಶಾಸ್ತ್ರ ನನ್ನ ವಿಷಯವಲ್ಲ. ಆದರೆ ಒಂದು ಶಬ್ದ ಸುಳ್ಳು ಹೇಳಿದಾಗ ಅದರ ಕಿವಿ ಹಿಂಡುವುದು ನನ್ನ ಕೆಲಸವೇ. "ಗೇರಿಲ್ಲ" ಎಂಬುದು ಅಂಥ ಶಬ್ದ. ಅದರ ಬೆಲೆಯನ್ನು ನಾನು ತೆತ್ತಿದ್ದೇನೆ.

ನನ್ನ ಸ್ಕೂಟರಿಗೆ ಎಂಟು ವರ್ಷವಾಗಿತ್ತು. ಗ್ಯಾರೇಜಿಗೆ ಒಯ್ದಾಗಲೆಲ್ಲ ಒಂದೇ ಉತ್ತರ: "ಅಕ್ಕೋರ, ಇದಕ್ಕ ಗೇರಿಲ್ರಿ, ಏನೂ ಕೆಡಂಗಿಲ್ಲ. ಆಯಿಲ್ ಬದಲಿಸಿದ್ರ ಸಾಕು." ನಾನೂ ನಂಬಿದೆ. ಅಣ್ಣನ ಮಗಳನ್ನು ಪಿಯುಸಿ ಪರೀಕ್ಷೆಗೆಂದು ಕಾಗವಾಡಕ್ಕೆ ಕರೆದೊಯ್ಯುತ್ತಿದ್ದ ಆ ಮುಂಜಾನೆ, ಶೇಡಬಾಳದ ಹತ್ತಿರ ಗಾಡಿ ನಿಂತಿತು. ಇಂಜಿನ್ ಅರಚುತ್ತಿದೆ, ಚಕ್ರ ತಿರುಗುತ್ತಿಲ್ಲ. ಕಬ್ಬಿನ ಟ್ರ್ಯಾಕ್ಟರುಗಳು ಒಂದರ ಹಿಂದೊಂದು ದಾಟಿ ಹೋದವು. ಕೊನೆಗೆ ಯಾರೋ ಪುಣ್ಯಾತ್ಮರು ಹುಡುಗಿಯನ್ನು ಬೈಕಿನಲ್ಲಿ ಮುಟ್ಟಿಸಿದರು. ಮೊದಲ ಅರ್ಧ ಗಂಟೆ ಹೋಗಿಯೇ ಬಿಟ್ಟಿತ್ತು. ಸಂಜೆ ಗಾಡಿಯ ಪಕ್ಕದ ಮುಚ್ಚಳ ಬಿಚ್ಚಿದಾಗ ಒಳಗೆ ಹರಿದ ರಬ್ಬರ್ ಬೆಲ್ಟಿನ ಚಿಂದಿ ಸಿಕ್ಕಿತು. ಗೇರಿಲ್ಲ ಎಂದವರು ಬೆಲ್ಟಿದೆ ಎಂದು ಹೇಳಿರಲಿಲ್ಲ. ಇಂತಿಷ್ಟು ಕಿಲೋಮೀಟರಿಗೆ ಅದನ್ನು ಬದಲಿಸಬೇಕೆಂದು ಗಾಡಿಯ ಜೊತೆ ಬಂದ ಪುಸ್ತಕದಲ್ಲಿತ್ತು. ಆ ಪುಸ್ತಕವನ್ನು ನಾನು ತೆರೆದಿರಲಿಲ್ಲ. ನನ್ನ ತಪ್ಪೂ ಉಂಟು.

ಆ ಚಿಂದಿ ಕೈಯಲ್ಲಿ ಹಿಡಿದ ಮೇಲೆಯೇ ನಾನು ಅದರ ಕೆಲಸ ತಿಳಿಯಲು ಕೂತೆ. ಕಷ್ಟವೇನಿಲ್ಲ. ನಿಮ್ಮ ಹೊಲಿಗೆ ಯಂತ್ರ ನೋಡಿ. ಕೆಳಗಿನ ದೊಡ್ಡ ಚಕ್ರ ಒಂದು ಸುತ್ತು ಬಂದರೆ ಮೇಲಿನ ಸಣ್ಣ ಚಕ್ರ ಹಲವು ಸುತ್ತು ತಿರುಗುತ್ತದೆ. ದೊಡ್ಡದು ಸಣ್ಣದನ್ನು ಎಳೆದರೆ ವೇಗ, ಸಣ್ಣದು ದೊಡ್ಡದನ್ನು ಎಳೆದರೆ ಬಲ. ಗೇರ್ ಎಂದರೆ ಇಷ್ಟೇ. ಗೇರ್ ಗಾಡಿಯಲ್ಲಿ ಇಂಥ ನಾಲ್ಕೈದು ಜೋಡಿಗಳು ಮಾತ್ರ ಇರುತ್ತವೆ.

ಈಗ ಎರಡು ಬಾಣಲೆಗಳನ್ನು ಬೆನ್ನಿಗೆ ಬೆನ್ನು ಹಚ್ಚಿ ನಿಲ್ಲಿಸಿ, ನಡುವಿನ ಇಳಿಜಾರು ಸಂದಿನಲ್ಲಿ ಬೆಲ್ಟ್ ಕೂರಿಸಿ. ಬಾಣಲೆಗಳನ್ನು ದೂರ ಸರಿಸಿದರೆ ಬೆಲ್ಟ್ ಒಳಕ್ಕಿಳಿಯುತ್ತದೆ, ಚಕ್ರ ಸಣ್ಣದಾದಂತೆ. ಹತ್ತಿರ ಒತ್ತಿದರೆ ಅಂಚಿಗೇರುತ್ತದೆ, ಚಕ್ರ ದೊಡ್ಡದಾದಂತೆ. ಇಂಥ ಜೋಡಿ ಇಂಜಿನ್ನಿನ ಕಡೆ ಒಂದು, ಗಾಲಿಯ ಕಡೆ ಒಂದು. ಬೆಲ್ಟಿನ ಉದ್ದ ಬದಲಾಗದು. ಆದ್ದರಿಂದ ಮುಂದೆ ಏರಿದರೆ ಹಿಂದೆ ಇಳಿಯಲೇಬೇಕು. ಹೊರಡುವಾಗ ಮುಂದೆ ಸಣ್ಣದು, ಹಿಂದೆ ದೊಡ್ಡದು: ಬಲ. ವೇಗ ಹೆಚ್ಚಿದಂತೆ ಮುಂದಿನ ಬಾಣಲೆಯ ಬೆನ್ನ ಹಿಂದಿರುವ ಉರುಳೆಗಳು ತಿರುಗುವ ರಭಸಕ್ಕೆ ಹೊರಗೆ ಸಿಡಿದು ಅದನ್ನು ಒತ್ತುತ್ತವೆ: ಓಟ. ಈ ತುದಿಯಿಂದ ಆ ತುದಿಯವರೆಗೆ ಎಲ್ಲಿ ಬೇಕಾದರೂ ಬೆಲ್ಟ್ ನಿಲ್ಲಬಹುದು. ಅಂದರೆ ಗೇರಿಲ್ಲ ಎಂಬುದಲ್ಲ, ಎಣಿಸಲಾರದಷ್ಟು ಗೇರುಗಳಿವೆ! ಸಾಲದ್ದಕ್ಕೆ ಸ್ಕೂಟರಿನ ಹಿಂಗಾಲಿಯ ಬಳಿ ಹಲ್ಲಿನ ಗೇರೂ ಉಂಟು, ಅದಕ್ಕೆ ಬೇರೆ ಎಣ್ಣೆಯೂ ಉಂಟು.

ಸಿ.ವಿ.ಟಿ. ಎಂದು ಬರೆದ ಕಾರುಗಳಲ್ಲೂ ಇದೇ ತತ್ವ. ಅಲ್ಲಿ ರಬ್ಬರಿನ ಬದಲು ನೂರಾರು ತೆಳು ಉಕ್ಕಿನ ಬಿಲ್ಲೆಗಳನ್ನು ಪೋಣಿಸಿದ ಬೆಲ್ಟ್ ಅಥವಾ ಸರಪಳಿ; ಉರುಳೆಗಳ ಬದಲು ಎಣ್ಣೆಯ ಒತ್ತಡ; ಅದನ್ನು ಎಷ್ಟಿಡಬೇಕೆಂದು ಲೆಕ್ಕ ಹಾಕಲು ಒಂದು ಕಂಪ್ಯೂಟರು. ನಮ್ಮ ಬಿಡದಿಯಲ್ಲಿ ತಯಾರಾಗುವ ಇನ್ನೋವಾ ಹೈಕ್ರಾಸಿನ ಬರಿ ಪೆಟ್ರೋಲಿನ ಕಾರಿನಲ್ಲೂ ಸಿ.ವಿ.ಟಿ.ಯೇ ಇದೆ.

ಗೇಲಿ ಹೊಸದಲ್ಲ. 1958ರಲ್ಲಿ ಹಾಲೆಂಡಿನ ಡಾಫ್ ಕಂಪನಿ ರಬ್ಬರ್ ಬೆಲ್ಟಿನ ಪುಟ್ಟ ಕಾರನ್ನು ಪ್ರದರ್ಶಿಸಿತು. ಅದನ್ನೂ ಹೆಂಗಸರ, ಮುದುಕರ ಗಾಡಿ ಎಂದು ನಕ್ಕರು. ನಮ್ಮಲ್ಲಿ 1984ರಲ್ಲಿ ಬಂದ ಕೈನೆಟಿಕ್ ಹೋಂಡಾ ಸ್ಕೂಟರಿಗೂ ಅದೇ ಮಾತು. ಆದರೆ 1993ರಲ್ಲಿ ಇಂಗ್ಲೆಂಡಿನ ವಿಲಿಯಮ್ಸ್ ತಂಡ ಇದೇ ವ್ಯವಸ್ಥೆಯನ್ನು ಫಾರ್ಮುಲಾ ಒನ್ ರೇಸ್ ಕಾರಿಗೆ ಹಾಕಿ ಪರೀಕ್ಷಿಸಿತು. ಅದು ಒಂದು ಪಂದ್ಯಕ್ಕೂ ಇಳಿಯುವ ಮುನ್ನವೇ, 1994ರ ನಿಯಮಗಳು ಅದಕ್ಕೆ ಬಾಗಿಲು ಮುಚ್ಚಿದವು. ಹೆಂಗಸರ ಗಾಡಿಯ ಬೆಲ್ಟಿಗೆ ಗಂಡಸರ ಪಂದ್ಯದಲ್ಲಿ ಪ್ರವೇಶವಿಲ್ಲ! ನಗಬೇಕಾದವರು ಯಾರು?

ದೋಷಗಳಿಲ್ಲವೆಂದು ನಾನು ವಾದಿಸುವುದಿಲ್ಲ. ಸಿ.ವಿ.ಟಿ. ಕಾರಿಗೆ ಬೆಲೆ ಹೆಚ್ಚು. ಜೋರಾಗಿ ತುಳಿದರೆ ಮೊದಲು ಸದ್ದು ಏರುತ್ತದೆ, ಆಮೇಲೆ ವೇಗ. ಕೆಟ್ಟರೆ ಹಳ್ಳಿಯ ಗ್ಯಾರೇಜಿನಲ್ಲಿ ರಿಪೇರಿ ಕಷ್ಟ. ಆಟೊಮ್ಯಾಟಿಕ್ ಎಂದದ್ದೆಲ್ಲ ಸಿ.ವಿ.ಟಿ.ಯೂ ಅಲ್ಲ, ಕೆಲವದರಲ್ಲಿ ಮಾಮೂಲಿ ಗೇರುಗಳನ್ನೇ ಯಂತ್ರ ಬದಲಿಸುತ್ತದೆ. ಇವನ್ನೆಲ್ಲ ಅಂಗಡಿಯಲ್ಲಿ ನಾವೇ ಕೇಳಬೇಕು. ಬಣ್ಣವೊಂದನ್ನು ಆರಿಸಿ, ಉಳಿದದ್ದನ್ನು ಮನೆಯ ಗಂಡಸರಿಗೆ ಬಿಡುವ ರೂಢಿ ಸಾಕು.

ನನ್ನ ಸಿಟ್ಟು ಮೈದುನನ ಮೇಲಲ್ಲ, ಆ ಶಬ್ದದ ಮೇಲೆ. 1988ರ ಮೋಟಾರು ವಾಹನ ಕಾಯ್ದೆಯೇ ಲೈಸೆನ್ಸಿನಲ್ಲಿ "ಗೇರಿಲ್ಲದ ಮೋಟಾರ್ ಸೈಕಲ್" ಎಂಬ ವರ್ಗ ಮಾಡಿಟ್ಟಿದೆ. ಕೈಯಿಂದ ಗೇರ್ ಹಾಕಬೇಕಾಗಿಲ್ಲ ಎಂಬುದು "ಗೇರಿಲ್ಲ" ಎಂದಾಯಿತು, ಅದು "ಒಳಗೆ ಏನೂ ಇಲ್ಲ" ಎಂದಾಯಿತು, ಕೊನೆಗೆ "ನಡೆಸುವವಳ ತಲೆಯಲ್ಲೂ ಏನೂ ಇಲ್ಲ" ಎಂದಾಯಿತು. ಕಣ್ಣಿಗೆ ಕಾಣದ ಕೆಲಸವನ್ನು ಕೆಲಸವೇ ಅಲ್ಲ ಎನ್ನುವುದನ್ನು ನಾವು ಅಡಿಗೆಮನೆಯಲ್ಲಿ ಬಹಳ ಕಾಲದಿಂದ ಕೇಳಿದ್ದೇವೆ.

ಮೊನ್ನೆ ಗ್ಯಾರೇಜಿಗೆ ಹೋಗಿ, "ತಮ್ಮಾ, ಮುಚ್ಚಳ ತಗಿ, ಬೆಲ್ಟ್ ತೋರಸು" ಎಂದೆ. ಹುಡುಗ ತಬ್ಬಿಬ್ಬಾದ. "ಗೇರಿಲ್ಲದ ಗಾಡಿ ಐತಲ್ರಿ ಅಕ್ಕೋರ..." ಎಂದ. ಅಲ್ಲೇ ಸ್ಟೂಲ್ ಎಳೆದುಕೊಂಡು ಕೂತು ಅವನಿಗೆ ಎರಡು ಬಾಣಲೆಯ ಪಾಠ ಹೇಳಿದೆ. ಅಣ್ಣನ ಮಗಳು ಪಕ್ಕದಲ್ಲಿ ನಿಂತಿದ್ದಳು. ಬೆಲ್ಟ್ ಬಿರುಕು ಬಿಟ್ಟಿದೆಯೇ ಎಂದು ಮೊದಲು ಬಗ್ಗಿ ನೋಡಿದವಳು ಅವಳೇ.