ಎರೆ ಮಣ್ಣಿನ ಮೇಲೆ ಪ್ಲಾಸ್ಟಿಕ್ ಹುಲ್ಲು

ಹಿಂದಿನ ಸಲ ಬಾಲ್ಕನಿಯ ಕರಿಬೇವಿನ ಕಥೆ ಬರೆದಿದ್ದೆ. ಈ ಸಲದ್ದು ಅದಕ್ಕಿಂತ ದುಬಾರಿ ಕಥೆ, ಮತ್ತು ದುಡ್ಡು ನನ್ನೊಬ್ಬನದಲ್ಲ.

ಕಳೆದ ವರ್ಷ ಜೂನ್‌ನಲ್ಲಿ ನಮ್ಮ ಸೊಸೈಟಿಯ ವಾಟ್ಸಾಪ್ ಗುಂಪಿಗೆ ಒಂದು ಫೋಟೋ ಬಂತು. ಹಚ್ಚ ಹಸಿರು ಹುಲ್ಲಿನ ಮೇಲೆ ಕಾಗದದ ದೋಣಿ ತೇಲುತ್ತಿದೆ. ಕೆಳಗೆ ನನ್ನ ಹೆಸರು ಹಾಕಿ ‘ಅಭಿನಂದನ್’ ಎಂದು ಯಾರೋ ಬರೆದಿದ್ದರು. ಅದಕ್ಕೆ ನಾನು ಅರ್ಹನೇ. ಮಕ್ಕಳ ಆಟದ ಜಾಗದಲ್ಲಿ ಮಳೆಗಾಲ ಪೂರ್ತಿ ಕೆಸರು, ಬೇಸಿಗೆಯಲ್ಲಿ ಕೈ ಇಳಿಯುವಷ್ಟು ಬಿರುಕು, ಆದ್ದರಿಂದ ಕೃತಕ ಹುಲ್ಲು ಹಾಸೋಣ ಎಂದು ಸಭೆಯಲ್ಲಿ ಸ್ಲೈಡ್ ತೋರಿಸಿ ಎಲ್ಲರನ್ನೂ ಒಪ್ಪಿಸಿದವನು ನಾನು. ಸೊಸೈಟಿಯ ದುರಸ್ತಿ ಹಣದಲ್ಲಿ ಒಂದೂವರೆ ಲಕ್ಷ ಅದಕ್ಕೇ ಹೋಗಿತ್ತು. ಜುಲೈ ಹೊತ್ತಿಗೆ ಹುಲ್ಲಿನಡಿಯಿಂದ ವಾಸನೆ ಬರತೊಡಗಿತು. ಒಂದು ಸಂಜೆ ಎರಡನೇ ಮಹಡಿಯ ಹುಡುಗಿ ಜಾರಿ ಬಿದ್ದು ಮಣಿಕಟ್ಟು ಮುರಿದುಕೊಂಡಳು. ಅವಳ ತಾಯಿ ನನಗೆ ಒಂದು ಮಾತೂ ಅನ್ನಲಿಲ್ಲ. ಲಿಫ್ಟಿನಲ್ಲಿ ಸಿಕ್ಕಾಗ ನೆಲ ನೋಡುತ್ತಿದ್ದವನು ನಾನು.

ಹಾಸಿದ ಗುತ್ತಿಗೆದಾರ ಎರಡು ಸಲ ಫೋನ್ ಎತ್ತಿದ, ಮೂರನೇ ಸಲ ಎತ್ತಲಿಲ್ಲ.

ಆಗ ಅಪ್ಪ ರೋಣದಿಂದ ಬಂದು ನಮ್ಮಲ್ಲಿ ಇದ್ದರು. ಆ ಜಾಗದ ಸುತ್ತ ಒಂದು ಸುತ್ತು ಹಾಕಿ, ಅಂಚಿನ ಮಣ್ಣನ್ನು ಬೆರಳಲ್ಲಿ ತಿಕ್ಕಿ ಕೇಳಿದರು: “ತಮ್ಮಾ, ಇದು ನಮ್ಮ ಹೊಲದ ಎರಿ ಮಣ್ಣ ಐತಲ್ಲೋ. ಕುಡಿಯೂ ತನಕ ಕುಡಿತೈತಿ, ಆಮ್ಯಾಲೆ ಬಾಯಿ ಮುಚ್ಚಿಬಿಡ್ತೈತಿ. ನೀರಿಗೆ ಬಸಿಗಾಲುವಿ ಎಲ್ಲೈತಿ?”

ಎಲ್ಲೂ ಇರಲಿಲ್ಲ. ಪುಣೆಯ ನೆಲವೂ ಗದಗ ಸೀಮೆಯ ನೆಲವೂ ಬಣ್ಣದಲ್ಲಷ್ಟೇ ಅಲ್ಲ, ಗುಣದಲ್ಲೂ ಅಣ್ಣತಮ್ಮಂದಿರು. ಒಣಗಿದಾಗ ಸೀಳುತ್ತದೆ, ನೆನೆದಾಗ ಉಬ್ಬುತ್ತದೆ. ಉಬ್ಬಿದ ಮೇಲೆ ಕಣಗಳ ನಡುವೆ ಸಂದಿಯೇ ಉಳಿಯುವುದಿಲ್ಲ. ನಾವು ಒಂದು ಮೂಲೆಯಲ್ಲಿ ಒಂದು ಅಡಿ ಗುಂಡಿ ತೋಡಿ, ರಾತ್ರಿ ನೀರು ತುಂಬಿಸಿ ನೆನೆಯಲು ಬಿಟ್ಟೆವು. ಬೆಳಿಗ್ಗೆ ಮತ್ತೆ ಭರ್ತಿ ಮಾಡಿ ಕಡ್ಡಿ ಇಟ್ಟು ಅಳೆದರೆ, ನಾಲ್ಕು ಗಂಟೆಯಲ್ಲಿ ಇಳಿದದ್ದು ಅರ್ಧ ಇಂಚೂ ಇಲ್ಲ. ನಮ್ಮ ಜಾಗ 40 ಅಡಿಗೆ 25 ಅಡಿ. ಅದರ ಮೇಲೆ 5 ಸೆಂಟಿಮೀಟರ್ ಮಳೆ ಬಿತ್ತೆಂದರೆ ಹತ್ತಿರ ಹತ್ತಿರ 4,600 ಲೀಟರ್, ಅಂದರೆ ಒಂದು ಸಣ್ಣ ಟ್ಯಾಂಕರ್. ಸ್ಲೈಡ್ ಮಾಡುವಾಗ ನಾನು ಈ ಲೆಕ್ಕ ಹಾಕಿರಲೇ ಇಲ್ಲ.

ಮೊದಲು ನನ್ನ ಅನುಮಾನ ಹೋದದ್ದು ಹುಲ್ಲಿನ ಮೇಲೆ. ಅದರ ಬೆನ್ನಿಗೆ ನೀರಿಳಿಯಲು ಸಣ್ಣ ತೂತುಗಳಿರುತ್ತವೆ, ಮೇಲೆ ಹರಡಿದ ಮರಳು ಅವನ್ನು ಮುಚ್ಚಿರಬಹುದು ಅಂದುಕೊಂಡೆ. ಒಂದು ಅಂಚನ್ನು ಎತ್ತಿ ಹಿಡಿದು ಬಕೆಟ್ ನೀರು ಸುರಿದರೆ ಸರಸರ ಇಳಿಯಿತು. ಹಾಗಾದರೆ ತಪ್ಪು ಕೆಳಗಿನ ಪದರದಲ್ಲಿ. ಆಫೀಸಿನಲ್ಲಿ ದಿನವೂ ಮಾಡುವ ಕೆಲಸವೇ ಇದು, ಇಲ್ಲಿ ಮೊಣಕಾಲಿಗೆ ಕೆಸರು ಹತ್ತಿತು ಅಷ್ಟೇ. ಹುಲ್ಲು ಸುತ್ತಿ ನೋಡಿದಾಗ ಮೂರು ಇಂಚು ಗರಸು ಮತ್ತು ಕ್ರಷರ್ ಪುಡಿ, ರೋಲರ್ ಹೊಡೆದು ಗಾರೆಯ ಹಾಗೆ ಗಟ್ಟಿ ಮಾಡಿದ್ದು. ಅದರಡಿಯಲ್ಲಿ ಕಳೆ ಬರದಿರಲಿ ಎಂದು ಹಾಸಿದ ಪ್ಲಾಸ್ಟಿಕ್ ಹಾಳೆ, ಒಂದೂ ತೂತಿಲ್ಲ. ನಾಲ್ಕೂ ಕಡೆ ಸಿಮೆಂಟಿನ ಕಟ್ಟೆ. ಆಟದ ಅಂಗಳದ ಹೆಸರಿನಲ್ಲಿ ನಾವು ಕಟ್ಟಿಸಿದ್ದು ನೀರಿನ ತೊಟ್ಟಿಯನ್ನು.

ನೆನೆದ ಎರೆಯನ್ನು ಅಗೆದು ತುಳಿದರೆ ಇನ್ನಷ್ಟು ಕೆಡುತ್ತದೆ, ಮಳೆ ಮುಗಿಯಲಿ ಅಂದರು ಅಪ್ಪ. ತಗ್ಗಿನ ಕಡೆಯ ಕಟ್ಟೆಗೆ ಮೂರು ತೂತು ಕೊರೆಸಿ, ಜಾಗಕ್ಕೆ ಹಗ್ಗ ಕಟ್ಟಿ ನವೆಂಬರ್‌ವರೆಗೆ ಕಾದೆವು. ಕಾದದ್ದು ಸುಲಭವಿರಲಿಲ್ಲ. ಎಲ್ಲ ಕಿತ್ತು ಪೇವರ್ ಬ್ಲಾಕ್ ಹಾಕಿ ಎಂದು ಅರ್ಧ ಕಮಿಟಿ ಪಟ್ಟು ಹಿಡಿದಿತ್ತು.

ನವೆಂಬರಿನಲ್ಲಿ ಹುಲ್ಲು ಸುತ್ತಿಟ್ಟು, ಹಳೆಯದನ್ನೆಲ್ಲ ತೆಗೆಸಿ, ಏಳು ಇಂಚು ಅಗೆಸಿದೆವು. ತಳವೇ ಇಳಿಜಾರು ಇರಬೇಕು. ನೂರಕ್ಕೆ ಒಂದು ಅಂದರೂ 25 ಅಡಿಗೆ ಮೂರು ಇಂಚು. ತಗ್ಗಿನ ಅಂಚಿನುದ್ದಕ್ಕೂ ಒಂದು ಅಡಿ ಅಗಲದ ಕಾಲುವೆ, ಅದರಲ್ಲಿ ನಾಲ್ಕು ಇಂಚಿನ ತೂತು ಪೈಪು, ತೂತುಗಳು ಕೆಳಮುಖ. ಕೃಷ್ಣಾ ತೀರದ ಕಬ್ಬಿನ ಹೊಲಗಳಲ್ಲಿ ಸವಳು-ಜವಳಿಗೆ ನೆಲದಡಿ ಹೂಳುವುದೂ ಇಂಥ ಪೈಪನ್ನೇ. ಇಂಗ್ಲಿಷಿನಲ್ಲಿ ಇದನ್ನು ಫ್ರೆಂಚ್ ಡ್ರೇನ್ ಅನ್ನುತ್ತಾರೆ, ಆದರೆ ಫ್ರಾನ್ಸ್ ದೇಶಕ್ಕೂ ಇದಕ್ಕೂ ಸಂಬಂಧವಿಲ್ಲ. 1859ರಲ್ಲಿ ಹೊಲದ ಬಸಿಗಾಲುವೆಗಳ ಬಗ್ಗೆ ಪುಸ್ತಕ ಬರೆದ ಅಮೆರಿಕದ ಹೆನ್ರಿ ಫ್ರೆಂಚ್ ಅವರ ಹೆಸರದು. ವಾಷಿಂಗ್ಟನ್ನಿನಲ್ಲಿ ಕುಳಿತಿರುವ ಲಿಂಕನ್ ಪ್ರತಿಮೆ ಮಾಡಿದವರು ಇವರ ಮಗ.

ಕೆಲಸ ಕೆಡುವುದರಲ್ಲಿದ್ದದ್ದು ಇಲ್ಲೇ. ಕಾಲುವೆ ಎರಡು ಅಡಿ ಆಳ ಎಂದು ನಾನು ಕಾಗದದಲ್ಲಿ ಬರೆದಿದ್ದೆ. ಮೇಸ್ತ್ರಿ ಮಳೆನೀರಿನ ಚೇಂಬರಿನ ಮುಚ್ಚಳ ತೆಗೆದು ಟೇಪ್ ಇಳಿಸಿದ. ಅಲ್ಲಿನ ಹರಿವು ಇದ್ದದ್ದು 20 ಇಂಚಿಗೆ. ನನ್ನ ಪೈಪು ಅದಕ್ಕಿಂತ ಕೆಳಗೆ! ಚೇಂಬರಿನ ನೀರೇ ತಿರುಗಿ ಹುಲ್ಲಿನಡಿಗೆ ಬರುತ್ತಿತ್ತು. ಕಾಲುವೆಯನ್ನು 18 ಇಂಚಿಗೆ ನಿಲ್ಲಿಸಿದೆವು. ನೀವು ಯಾರಾದರೂ ಇಂಥ ಕೆಲಸ ಮಾಡಿಸುವುದಾದರೆ, ದಯವಿಟ್ಟು ನೀರು ಕೊನೆಗೆ ಹೊರಬೀಳುವ ಜಾಗದಿಂದ ಅಳತೆ ಶುರುಮಾಡಿ.

ಉಳಿದದ್ದು ಸಲೀಸು. ಮಣ್ಣು ಜಲ್ಲಿಯೊಳಗೆ ಏರದಂತೆ ನೀರು ಸೋಸುವ ಜಿಯೋಟೆಕ್ಸ್‌ಟೈಲ್ ಬಟ್ಟೆ, ಅದರ ಮೇಲೆ ತೊಳೆದ 20 ಮಿಲಿಮೀಟರ್ ಜಲ್ಲಿ, ಮೇಲೊಂದು ಇಂಚು ಸಣ್ಣ ಚಿಪ್ಸ್, ಪುಡಿ ಇರಕೂಡದು. ಹಳೆಯ ಹುಲ್ಲನ್ನೇ ತೊಳೆದು ಮತ್ತೆ ಹಾಸಿದೆವು. ಇಷ್ಟಾದರೂ ಎರೆಯ ಉಬ್ಬು-ತಗ್ಗು ನಿಂತಿಲ್ಲ, ಮೇ ತಿಂಗಳಲ್ಲಿ ಒಂದು ಮೂಲೆ ಕುಸಿದು ಜಲ್ಲಿ ತುಂಬಬೇಕಾಯಿತು. ಮಧ್ಯಾಹ್ನದ ಬಿಸಿಲಲ್ಲಿ ಅದರ ಮೇಲೆ ಬರಿಗಾಲು ಇಡಲಾಗುವುದಿಲ್ಲ ಅನ್ನುವುದು ಬೇರೆ ಮಾತು. ಇವತ್ತು ಯಾರಾದರೂ ಕೇಳಿದರೆ ಕೃತಕ ಹುಲ್ಲು ಬೇಡ ಎಂದೇ ಹೇಳುತ್ತೇನೆ.

ಈ ಜೂನ್‌ನ ಮೊದಲ ದೊಡ್ಡ ಮಳೆ ರಾತ್ರಿ ಹತ್ತಕ್ಕೆ ಶುರುವಾಯಿತು. ಕೊಡೆ ಹಿಡಿದು ಇಳಿದರೆ, ಚೇಂಬರಿನ ಬಳಿ ಎರಡನೇ ಮಹಡಿಯ ಆ ತಾಯಿ ಆಗಲೇ ಟಾರ್ಚ್ ಹಿಡಿದು ನಿಂತಿದ್ದರು. ಇಬ್ಬರೂ ಬಗ್ಗಿ ನೋಡಿದೆವು. ಪೈಪಿನಿಂದ ಧಾರೆ ಬೀಳುತ್ತಿತ್ತು. ಅಪ್ಪನಿಗೆ ಫೋನ್ ಹಚ್ಚಿ, ಆ ಸದ್ದು ಕೇಳಲಿ ಎಂದು ಮೊಬೈಲನ್ನು ಚೇಂಬರಿನೊಳಗೆ ಚಾಚಿ ಹಿಡಿದೆ. “ಸಾಕು ಸಾಕು, ಫೋನ್ ಬಿದ್ದೀತು, ಮ್ಯಾಲೆ ತಗಿ” ಅಂದರು.