ಕಾರಿನ ಕಾಗದ, ಅಜ್ಜನ ಜಾಗದ ಕಾಗದ

ಕೆಲಸ ಬದಲಾಗಿ ಬೆಂಗಳೂರಿನಿಂದ ಹೈದರಾಬಾದಿಗೋ ಪುಣೆಗೋ ಹೊರಟವರಿಗೆ ಮನೆ ಸಾಮಾನಿನ ಚಿಂತೆ ಎರಡು ದಿನದ್ದು. ಪ್ಯಾಕರ್ಸ್‌ನವರು ಬಂದು ಮಿಕ್ಸಿಯಿಂದ ಮಂಚದವರೆಗೆ ಕಟ್ಟಿಕೊಂಡು ಹೋಗ್ತಾರೆ. ತಲೆನೋವು ಇರೋದು ಕಾರಿನದ್ದು.

ಬೇರೆ ರಾಜ್ಯದಲ್ಲಿ 12 ತಿಂಗಳಿಗಿಂತ ಹೆಚ್ಚು ಇಟ್ಟುಕೊಂಡರೆ ಅಲ್ಲಿನ ನಂಬರ್ ಮಾಡಿಸಲೇಬೇಕು. ಮೊದಲು ಇಲ್ಲಿನ ಆರ್‌ಟಿಒದಿಂದ ಎನ್‌ಒಸಿ, ಅಂದರೆ ಫಾರ್ಮ್ 28. ಸಾಲವಿದ್ದರೆ ಬ್ಯಾಂಕಿನ ಒಪ್ಪಿಗೆಯೂ ಬೇಕು. ಅಲ್ಲಿ ಹೊಸದಾಗಿ ತೆರಿಗೆ ಕಟ್ಟಿ, ಇಲ್ಲಿ ಕಟ್ಟಿದ್ದರಲ್ಲಿ ಉಳಿದ ಪಾಲನ್ನು ವಾಪಸ್ ಕೇಳಬೇಕು. (ಆ ದುಡ್ಡು ನಂಬಿ ಹೊಸ ಸೋಫಾ ಬುಕ್ ಮಾಡಬೇಡಿ.) ಹೊಸ ಕಾರು ತಗೊಳ್ಳೋರು, ನಿಮ್ಮ ಕಂಪನಿಗೆ ನಾಲ್ಕು ರಾಜ್ಯಗಳಲ್ಲಾದರೂ ಕಚೇರಿ ಇದ್ದರೆ, 2021ರಲ್ಲಿ ಬಂದ ಬಿಎಚ್ ಸರಣಿ ವಿಚಾರಿಸಿ. ರಾಜ್ಯ ಬದಲಾದರೂ ನಂಬರ್ ಅದೇ ಇರುತ್ತೆ.

ನಮ್ಮ ಹೊಳೆಬಾಗಿಲಿನ ಆಚೆ ದಡದವರಿಗೆ ಗಡಿ ಅಂದ್ರೆ ಶರಾವತಿ ಹಿನ್ನೀರೇ ಆಗಿತ್ತು. ಗೊಬ್ಬರದ ಚೀಲ, ಮದುವೆ ಪಾತ್ರೆ, ಕಾರು, ಬಸ್ಸು ಎಲ್ಲಾ ಲಾಂಚಿನ ಮೇಲೇ ದಾಟಬೇಕಿತ್ತು. ಸಂಜೆಯ ಕೊನೆ ಲಾಂಚು ತಪ್ಪಿದ್ರೆ ಹೊಸನಗರದ ಕಡೆಯಿಂದ ಸುತ್ತು. ಬೇಸಿಗೆಯಲ್ಲಿ ನೀರು ತೀರಾ ಇಳಿದರೆ ವಾಹನ ಹತ್ತಿಸ್ತಾನೇ ಇರಲಿಲ್ಲ. 2025ರ ಜುಲೈ 14ಕ್ಕೆ ಸೇತುವೆ ಉದ್ಘಾಟನೆಯಾಯ್ತು, ಈಗ ಕೆಲವೇ ನಿಮಿಷದ ದಾರಿ.

ಆದರೆ ಈ ನೀರು ಬರೋ ಮುಂಚೆ ಹೊರಟವರ ಕಥೆ ಬೇರೆ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿಯಿತು. ಮುಳುಗಡೆಯ ಊರಿನವರು ಹೆಂಚು ಇಳಿಸಿ, ಮರಮುಟ್ಟು ಬಿಚ್ಚಿ, ದನಕರು ಸಮೇತ ಲಾರಿ ಹತ್ತಿದರು. ಎಷ್ಟೋ ಮನೆಯವರನ್ನು ಇಳಿಸಿದ್ದು ಕಾಡಿನ ಜಾಗದಲ್ಲಿ. ದಾಖಲೆಯಲ್ಲಿ ಅದು ಇನ್ನೂ ಅರಣ್ಯ, ಹಾಗಾಗಿ ಹಕ್ಕುಪತ್ರ ಇಲ್ಲ. ನಾಡಿಗೆ ಕರೆಂಟು ಕೊಡಲು ಮನೆ ಬಿಟ್ಟವರ ಮೊಮ್ಮಕ್ಕಳು ಅರವತ್ತು ವರ್ಷದ ಮೇಲೂ ಕಚೇರಿ ಅಲೆಯೋದು ನ್ಯಾಯ ಅಲ್ಲ. ಒಂದು ಕಾರು ಗಡಿ ದಾಟೋಕೆ ಸರ್ಕಾರ ಇಷ್ಟು ಕಾಗದ ಕೇಳುತ್ತೆ, ಊರಿಗೆ ಊರೇ ದಾಟಿಸುವಾಗ ಒಂದು ಕಾಗದ ಕೊಡಬಹುದಿತ್ತು.

ನಿಮ್ಮದೂ ಮುಳುಗಡೆ ಮನೆತನವಾದರೆ, ಮುಂದಿನ ಸಲ ಊರಿಗೆ ಹೋದಾಗ ಅಜ್ಜನ ಟ್ರಂಕು ತೆಗೆಸಿ. ಪರಿಹಾರದ ರಸೀದಿ, ಜಾಗ ತೋರಿಸಿದ ಆದೇಶ, ಹಳೇ ಪಹಣಿ ಏನೇ ಸಿಕ್ಕಿದರೂ ಎರಡೂ ಬದಿ ಫೋಟೋ ತೆಗೆದು ಅಣ್ಣತಮ್ಮಂದಿರಿಗೆಲ್ಲ ಕಳಿಸಿ. ಆ ಹಾಳೆಗಳು ಮಡಿಕೆಯಲ್ಲೇ ಹರಿಯೋಕೆ ಶುರುವಾಗಿವೆ.